ಅವಸರವಿಲ್ಲದ ಮದುವೆ

ವೈಶಾಖವೆಂದರೆ ಮಲೆನಾಡಿನವರಿಗೆ ಲಗ್ನಪತ್ರಿಕೆಗಳ ಸುಗ್ಗಿ. ಅಡಕೆಯ ಕೊಯ್ಲು ಮುಗಿದು, ಸುಲಿದು ಬೇಯಿಸಿ ಒಣಗಿಸಿದ ಸರಕು ಮಂಡಿಗೆ ಹೋಗಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದು. ಗದ್ದೆಗೆ ಇಳಿಯಲು ಮುಂಗಾರು ಇನ್ನೂ ಬಂದಿರದ ಕಾಲ. ಶಾಲೆ ಕಾಲೇಜುಗಳಿಗೆ ರಜೆ. ಮರದಲ್ಲಿ ಮಾವು, ಹಲಸು. ಮುಂದೆ ಆಷಾಢ ಬಂತೆಂದರೆ ಮದುವೆಯಿಲ್ಲ. ಮಳೆ ಹಿಡಿಯಿತೆಂದರೆ ದಾರಿಯೇ ಇಲ್ಲ. ಪಂಚಾಂಗದವರು ಗ್ರಹಗತಿಗಳನ್ನು ನೋಡಿ ಲಗ್ನವಿಡುತ್ತಾರೆಂದು ನಾವೆಲ್ಲ ತಿಳಿದಿದ್ದೇವೆ. ನನಗಂತೂ ನಮ್ಮ ಸೀಮೆಯ ಮುಹೂರ್ತಗಳನ್ನೆಲ್ಲ ನಿಶ್ಚಯಿಸಿದವು ಅಡಕೆಮರ ಮತ್ತು ಮೋಡ ಇವೆರಡೇ ಎಂದು ತೋರುತ್ತದೆ.

ಈ ಸಲದ ಬೇಸಗೆಯಲ್ಲಿ ನಮ್ಮ ಮನೆಗೆ ಬಂದ ಹನ್ನೊಂದು ಲಗ್ನಪತ್ರಿಕೆಗಳಲ್ಲಿ ಹತ್ತು ಒಂದು ತೆರನವು: ಹೊಂಬಣ್ಣದ ಅಕ್ಷರ, ದಪ್ಪನೆಯ ಕಾಗದ, ಕಲ್ಯಾಣಮಂಟಪದ ಹೆಸರು, ಗಂಟೆ ನಿಮಿಷಗಳ ಸಹಿತ ಸುಮುಹೂರ್ತ. ಹನ್ನೊಂದನೆಯದು ಅಂಗೈಯಗಲದ ಬಿಳಿಯ ಕಾಗದ. ಕೈಬರಹ ನನಗೆ ಪರಿಚಿತವಾದದ್ದೇ. ಎಂಟು ವರ್ಷಗಳ ಹಿಂದೆ ನನ್ನ ತರಗತಿಯ ಎರಡನೆಯ ಬೆಂಚಿನಲ್ಲಿ ಕುಳಿತು, ಹಳಗನ್ನಡದ ಪಾಠದ ನಡುವೆ ನಾನು ತಪ್ಪು ಅನ್ವಯ ಮಾಡಿದಾಗಲೆಲ್ಲ ಮೆಲ್ಲಗೆ ಕೈಯೆತ್ತುತ್ತಿದ್ದ ಹುಡುಗಿಯೊಬ್ಬಳ ಬರಹ. ಈಗ ಅವಳು ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಕಾಗದದಲ್ಲಿ ಇದ್ದದ್ದಿಷ್ಟು: ‘ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ, ಭಾನುವಾರ ಸಂಜೆ ಕಾಫಿ ಕುಡಿದು ಹೋಗಿ. ಮದುವೆ ಭಾನುವಾರ ಬೆಳಗ್ಗೆ, ತಿಂಡಿಯಾದ ಮೇಲೆ, ಎಲ್ಲರಿಗೂ ಅನುಕೂಲವಾದಾಗ. ಒಂದು ಹೊದಿಕೆ ತನ್ನಿ. ಉಡುಗೊರೆ ತರಬೇಡಿ.’

‘ಎಲ್ಲರಿಗೂ ಅನುಕೂಲವಾದಾಗ’ ಎಂಬ ಮುಹೂರ್ತವನ್ನು ನನ್ನ ಹೆಂಡತಿ ಮೂರು ಸಲ ಗಟ್ಟಿಯಾಗಿ ಓದಿದಳು. ಪ್ರತಿಯೊಂದು ಸಲವೂ ಅವಳ ನಗೆ ಬೇರೆ ಬೇರೆಯಾಗಿತ್ತು.

ಕಾಗದ ಬಂದ ವಾರಕ್ಕೆ ಹುಡುಗಿ ತಾನೇ ಮನೆಗೆ ಬಂದಳು. ಜೊತೆಗೆ ಹುಡುಗ. ಧಾರವಾಡದ ಕಡೆಯವನು, ಕರಿಯ ಮಣ್ಣಿನ, ಜೋಳದ ಸೀಮೆಯವನು. ಬ್ಯಾಂಕಿನಲ್ಲಿ ಕೆಲಸ. ಜಾತಿ ಬೇರೆ. ‘ಮಂತ್ರಮಾಂಗಲ್ಯದ ಮದುವೆ ಸರ್. ನೀವೇ ಓದಿ ಹೇಳಬೇಕು’ ಎಂದಳು.

ಮಂತ್ರಮಾಂಗಲ್ಯವೆಂದರೇನೆಂದು ಹೊಸ ತಲೆಮಾರಿನ ವಾಚಕರಿಗಾಗಿ ಎರಡು ಮಾತು. ಪುರೋಹಿತರಿಲ್ಲದೆ, ವರದಕ್ಷಿಣೆಯಿಲ್ಲದೆ, ವಾದ್ಯ ಮೆರವಣಿಗೆಗಳ ಗದ್ದಲವಿಲ್ಲದೆ, ಆಪ್ತರಾದ ಕೆಲವೇ ಜನರ ಎದುರಿನಲ್ಲಿ ನಡೆಯುವ ವಿವಾಹವಿಧಿ ಇದು. ಕುವೆಂಪು ಅವರು ರೂಪಿಸಿದ್ದು. ಹಿರಿಯರೊಬ್ಬರು ಓದಿ ಹೇಳುತ್ತಾರೆ; ವಧೂವರರು ಕೇಳಿ, ತಿಳಿದು, ಒಪ್ಪಿ ನುಡಿಯುತ್ತಾರೆ. ಕೇಳಿದ್ದು ತಿಳಿಯಬೇಕೆಂಬುದೇ ಅದರ ಮುಖ್ಯವಾದ ನಿಯಮವೆಂದು ಬೇಕಾದರೆ ಹೇಳಬಹುದು. ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ವಿವಾಹ 1966ರಲ್ಲಿ ಹೀಗೆಯೇ ನಡೆಯಿತು. ಮರುವರ್ಷ, 1967ರಲ್ಲಿ, ‘ಮಲೆಗಳಲ್ಲಿ ಮದುಮಗಳು’ ಪ್ರಕಟವಾಯಿತು. ಮದುವೆಯ ಹಿಂದಿನ ರಾತ್ರಿ ಮದುಮಗಳು ಮನೆ ಬಿಟ್ಟು ಕಾಡು ಹೊಕ್ಕುವ ಆ ಕಾದಂಬರಿಯನ್ನು ಪಾಠ ಹೇಳುವಾಗಲೆಲ್ಲ ನನಗೆ ಈ ಎರಡು ವರ್ಷಗಳ ನೆರೆಹೊರೆ ನೆನಪಾಗುತ್ತದೆ: ಹೆಣ್ಣು ಓಡಿಹೋಗಬೇಕಾದ ಮದುವೆಯನ್ನು ಬರೆಯುತ್ತಿದ್ದ ಕೈಯೇ ಯಾರೂ ಓಡಿಹೋಗಬೇಕಿಲ್ಲದ ಮದುವೆಯೊಂದನ್ನೂ ಬರೆದಿತ್ತು.

ಇಂಥ ಮದುವೆಗೆ ಕಾನೂನಿನ ಆಸರೆಯೂ ಬೇಕು. ತಮಿಳುನಾಡಿನಲ್ಲಿ 1967ರ ತಿದ್ದುಪಡಿಯಿಂದ ಪುರೋಹಿತರಿಲ್ಲದ ಸ್ವಾಭಿಮಾನ ವಿವಾಹಗಳಿಗೆ ನೇರವಾದ ಮಾನ್ಯತೆ ದೊರೆಯಿತು. ನಮ್ಮ ಈ ಹುಡುಗ ಹುಡುಗಿ 1954ರ ವಿಶೇಷ ವಿವಾಹ ಕಾಯಿದೆಯನ್ನು ಹಿಡಿದರು. ಮೂವತ್ತು ದಿನಗಳ ಮುಂಚೆ ವಿವಾಹಾಧಿಕಾರಿಗೆ ಅರ್ಜಿ, ಆಮೇಲೆ ಮೂವರು ಸಾಕ್ಷಿಗಳ ಸಮಕ್ಷಮದಲ್ಲಿ ಸಹಿ. ಶುಕ್ರವಾರವೇ ಪಟ್ಟಣದಲ್ಲಿ ಅದು ಮುಗಿಯಿತು, ಮೂವರಲ್ಲಿ ನಾನೊಬ್ಬ. ಸರ್ಕಾರದ ಲೆಕ್ಕದಲ್ಲಿ ಶನಿವಾರ ನಾವು ಹೋದದ್ದು ಗಂಡಹೆಂಡಿರ ಮನೆಗೆ. ಅಜ್ಜಿಯ ಲೆಕ್ಕದಲ್ಲಿ ಅವರಿನ್ನೂ ಹುಡುಗ ಹುಡುಗಿ.

ಓದಿ ಹೇಳಬೇಕೆಂದು ಅವಳು ಕೇಳಿದಾಗ ನಾನು ಕೂಡಲೇ ಒಪ್ಪಲಿಲ್ಲ. ಕಾರಣವನ್ನು ಇಲ್ಲಿ ಹೇಳಿಬಿಡುವುದೇ ಮೇಲು. ನನ್ನ ಮದುವೆ ನಡೆದದ್ದು 2009ರ ಮೇ ತಿಂಗಳಲ್ಲಿ, ಪಟ್ಟಣದ ಒಂದು ಕಲ್ಯಾಣಮಂಟಪದಲ್ಲಿ. ಎಲೆ ಹಾಕಿದ್ದು ಸಾವಿರದ ಇನ್ನೂರು. ನನಗೆ ಗೊತ್ತಿದ್ದ ಮುಖಗಳು ನೂರೂ ಇರಲಾರವು. ವೇದಿಕೆಯ ಮೇಲೆ ಮೂರು ಗಂಟೆಗಳ ಕಾಲ ನಿಂತು, ಫೋಟೋ ತೆಗೆಯುವವನು ಹೇಳಿದ ಕಡೆ ಕತ್ತು ತಿರುಗಿಸಿ, ಕೈಮುಗಿದು ಕೈಮುಗಿದು ತೋಳು ಸೋತಿತು. ಮಧ್ಯಾಹ್ನ ಮೂರಕ್ಕೆ ಮಂಟಪ ಬಿಡಬೇಕು. ಸಂಜೆಗೆ ಇನ್ನೊಂದು ಮದುವೆಯವರು ಬಾಗಿಲಲ್ಲಿ ನಿಂತಿದ್ದರು. ನಮ್ಮ ಹೂವಿನ ಮಾಲೆಗಳನ್ನು ಕಿತ್ತು ಹಾಕುತ್ತಿದ್ದಾಗಲೇ ಅವರ ಹೂವಿನ ಬುಟ್ಟಿಗಳು ಒಳಗೆ ಬಂದವು.

ನಾನು ವರದಕ್ಷಿಣೆ ತೆಗೆದುಕೊಂಡಿರಲಿಲ್ಲ. ಅದೊಂದು ಹೆಮ್ಮೆ ಬಹಳ ಕಾಲ ನನ್ನಲ್ಲಿತ್ತು. 1961ರ ವರದಕ್ಷಿಣೆ ನಿಷೇಧ ಕಾಯಿದೆಯ ವಿಷಯವನ್ನು ತರಗತಿಯಲ್ಲಿ ಎತ್ತಿದಾಗ ಧ್ವನಿಯನ್ನೂ ಸ್ವಲ್ಪ ಎತ್ತುತ್ತಿದ್ದೆ. ಆದರೆ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುವ ನಾವು ಬಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಸಾವಿರದ ಇನ್ನೂರು ಎಲೆಗಳಿಗಾಗಿ ಮಾವನವರು ಬರುವ ವರ್ಷಗಳ ಅಡಕೆಯ ಫಸಲಿನ ಮೇಲೆ ಸಾಲ ತೆಗೆದಿದ್ದರು. ತೀರಿದ್ದು ಆರು ವರ್ಷಕ್ಕೆ. ನನಗೆ ತಿಳಿದದ್ದು ಮೂರನೆಯ ವರ್ಷದಲ್ಲಿ, ಅದೂ ಅವರ ಮನೆಯ ಗೋಡೆಯಲ್ಲಿ ಸಿಕ್ಕಿಸಿದ್ದ ಒಂದು ರಸೀತಿಯಿಂದ. ಆಗಲೂ ನಾನು ಏನೂ ಮಾತಾಡಲಿಲ್ಲ. ಏನೆಂದು ಮಾತಾಡುವುದು? ಉಂಡಾಗಿತ್ತು.

ಇದನ್ನೆಲ್ಲ ಹುಡುಗಿಗೆ ಹೇಳಿ, ‘ಓದುವ ಅರ್ಹತೆ ನನಗಿಲ್ಲಮ್ಮ’ ಎಂದೆ. ಅವಳು ಏನೋ ಸಮಾಧಾನ ಹೇಳುವಳೆಂದು ಕಾದೆ. ಅಡಿಗೆಮನೆಯಿಂದ ಹೆಂಡತಿಯೇ ಉತ್ತರ ಕೊಟ್ಟಳು: ‘ಓದ್ರಿ. ಕನಿಷ್ಠಪಕ್ಷ ಓದಿದ ಹಾಗಾದರೂ ಆಗುತ್ತೆ.’

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಒಂದು ಬಸ್ಸು, ಅಲ್ಲಿಂದ ಆಚೆಗೆ ಇನ್ನೊಂದು, ಅಲ್ಲಿಂದ ಮುಂದೆ ಒಂದು ಮೈಲಿಯಷ್ಟು ಮಣ್ಣಿನ ದಾರಿ. ಹುಡುಗಿಯ ತಂದೆ ಮೂರು ಎಕರೆ ತೋಟದ ಒಡೆಯರು. ಮನೆ ತೋಟದ ತಲೆಯ ಮೇಲೆ. ಅಂಗಳದಲ್ಲಿ ಅಡಕೆಯ ಕಂಬಗಳನ್ನು ನೆಟ್ಟು, ದಬ್ಬೆ ಕಟ್ಟಿ, ಸೋಗೆ ಹೊದಿಸಿದ ಚಪ್ಪರ. ಬೇಸಗೆಯ ಬಿಸಿಲು ಸೋಗೆಯ ಸಂದುಗಳಿಂದ ನೆಲಕ್ಕೆ ಕಾಸುಕಾಸಾಗಿ ಬಿದ್ದಿತ್ತು. ಚಪ್ಪರದೊಳಗೆ ಕಾಲಿಟ್ಟೊಡನೆ ಬಂದ ಆ ವಾಸನೆ, ಹಸಿಯ ಸೋಗೆ, ಸೆಗಣಿ ಸಾರಿಸಿದ ಅಂಗಳ, ಎಲ್ಲೋ ಒಡೆದ ಹಲಸಿನ ಹಣ್ಣು ಇವು ಮೂರೂ ಸೇರಿದ ವಾಸನೆ, ನನ್ನನ್ನು ಮೂವತ್ತು ವರ್ಷಕ್ಕೂ ಹಿಂದಕ್ಕೆ ಎಳೆದುಕೊಂಡು ಹೋಯಿತು.

1991ರ ಬೇಸಗೆಯಲ್ಲಿ ನಮ್ಮ ಅಕ್ಕನ ಮದುವೆ. ನನಗೆ ಹತ್ತು ವರ್ಷ. ಅದೂ ಇಂಥದೇ ಚಪ್ಪರ. ನಾಲ್ಕು ದಿನಗಳ ಕಾಲ ಮನೆಯ ತುಂಬ ನೆಂಟರು. ನಾವು ಮಕ್ಕಳೆಲ್ಲ ಸಾಲಾಗಿ ಜಗಲಿಯ ಮೇಲೆ ಮಲಗಿದ್ದು, ದಿಬ್ಬಣ ಬಂತೆಂದು ಓಡಿದ್ದು, ಪಾನಕದ ಕೊಪ್ಪರಿಗೆಯ ಸುತ್ತ ಸುಳಿದಾಡಿದ್ದು, ಮಾವಿನ ಮರದ ಕೆಳಗೆ ಮಧ್ಯಾಹ್ನಗಳನ್ನು ಕಳೆದದ್ದು, ಇವೆಲ್ಲ ನನ್ನ ಬಾಲ್ಯದ ಸುವರ್ಣಭಾಗ. ಹಳೆಯ ಮದುವೆಗಳ ಸಾವಧಾನದ ಬಗ್ಗೆ ಹಿಂದೊಮ್ಮೆ ಒಂದು ಪ್ರಬಂಧವನ್ನೇ ಬರೆದು ಅಕ್ಕನಿಗೆ ಓದಿ ಹೇಳಿದ್ದೆ. ಕೇಳಿ ಮುಗಿಸಿದ ಅವಳು, ‘ನಾಲ್ಕು ದಿನವೂ ಅಮ್ಮ ಒಲೆಯ ಮುಂದಿನಿಂದ ಏಳಲಿಲ್ಲ ಕಣೋ. ನನ್ನ ಮದುವೆಯ ಊಟ ಹೇಗಿತ್ತೋ ನನಗೆ ಗೊತ್ತಿಲ್ಲ. ನೀನೇ ಹೇಳಬೇಕು’ ಎಂದಿದ್ದಳು. ಆ ಪ್ರಬಂಧ ಅಚ್ಚಾಗಲಿಲ್ಲ. ನಾನು ಸಾವಧಾನವೆಂದು ತಿಳಿದದ್ದು ಹೆಂಗಸರ ಬೆನ್ನಿನ ಮೇಲೆ ಕುಳಿತಿತ್ತೆಂಬುದು ಹತ್ತು ವರ್ಷದ ಹುಡುಗನಿಗೆ ತಿಳಿಯದಿದ್ದರೆ ತಪ್ಪಲ್ಲ; ಪ್ರಬಂಧ ಬರೆಯುವ ವಯಸ್ಸಿನವನಿಗೆ ತಿಳಿಯಬೇಕಿತ್ತು.

ಆದ್ದರಿಂದ ಈ ಮನೆಯಲ್ಲಿ ನಾನು ಮೊದಲು ನೋಡಿದ್ದು ಅಡಿಗೆಯ ಕಡೆಗೆ. ಪಕ್ಕದ ಊರಿನ ಇಬ್ಬರು ಅಡಿಗೆಯವರಿದ್ದರು, ಕೂಲಿ ಮಾತಾಡಿ ಕರೆಸಿದವರು. ಚಪ್ಪರದ ಕಂಬವೊಂದಕ್ಕೆ ಒಂದು ಕಾಗದ ಅಂಟಿಸಿತ್ತು. ತರಕಾರಿ ಹೆಚ್ಚುವವರು, ನೀರು ಹೊರುವವರು, ಬಡಿಸುವವರು, ಎಲೆ ತೆಗೆಯುವವರು ಯಾರು ಯಾರೆಂದು ಅದರಲ್ಲಿ ಬರೆದಿತ್ತು. ಗಂಡಸರ ಹೆಸರುಗಳೇ ಹೆಚ್ಚು. ಶನಿವಾರ ಸಂಜೆಯ ತರಕಾರಿಗೆ ನನ್ನ ಹೆಸರು. ಜೊತೆಗೆ ಹುಡುಗನ ಸೋದರಮಾವ ಮತ್ತು ನಿವೃತ್ತರಾದ ಒಬ್ಬ ತಹಸೀಲ್ದಾರರು. ಆ ತಹಸೀಲ್ದಾರರು ಬೂದುಗುಂಬಳವನ್ನು ಹೋಳು ಮಾಡಿದ ಗಾಂಭೀರ್ಯ ಭೂದಾಖಲೆಗಳನ್ನು ತಿದ್ದುವಾಗ ಇದ್ದಿತ್ತೋ ಇಲ್ಲವೋ. ನನ್ನ ಹೋಳುಗಳನ್ನು ಅಡಿಗೆಯವನು ಎತ್ತಿ ನೋಡಿ ಏನೂ ಹೇಳದೆ ಸಾರಿನ ಪಾತ್ರೆಗೆ ಹಾಕಿದ.

ಬಂದಿದ್ದವರು ಎಲ್ಲ ಸೇರಿ ಎಪ್ಪತ್ತು ಜನ. ಅಷ್ಟಕ್ಕೇ ಯಾಕೆ ನಿಲ್ಲಿಸಿದರೆಂದರೆ, ಆದರ್ಶದ ಜೊತೆಗೆ ಬಾವಿಯೂ ಕಾರಣ. ಮಲೆನಾಡಿನ ಮಳೆಯನ್ನು ಕೇಳಿದವರು ಅಲ್ಲಿನ ಮೇ ತಿಂಗಳನ್ನು ಕೇಳಿರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಹರಿದು ಹೋಗುತ್ತದೆ. ಮೇ ತಿಂಗಳಿನಲ್ಲಿ ಅದೇ ಸೀಮೆಯ ಬಾವಿಗಳಲ್ಲಿ ಕೊಡ ತಳ ತಾಗುತ್ತದೆ. ಹುಡುಗಿಯ ತಂದೆ ಅರ್ಧ ಗಂಟೆಗೊಮ್ಮೆ ಬಾವಿಯ ಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿ ಬರುತ್ತಿದ್ದರು. ‘ಮೇಷ್ಟ್ರೇ, ಮುಹೂರ್ತದ ಚಿಂತೆ ನನಗಿಲ್ಲ. ನಾಳೆ ಮಧ್ಯಾಹ್ನದ ತನಕ ಇದು ಬರಬೇಕು’ ಎಂದರು. ಸ್ನಾನಕ್ಕೆಲ್ಲ ಹಳ್ಳಕ್ಕೆ ಹೋಗಬೇಕೆಂದು ಅಪ್ಪಣೆಯಾಯಿತು. ಹಳ್ಳದಲ್ಲಿ ಮೊಳಕಾಲುದ್ದ ನೀರು, ಬಂಡೆಗಳ ನೆರಳು. ಅಪ್ಪಣೆಯೆಂದು ಹೋದವರು ಎರಡು ಗಂಟೆ ಕಳೆದರೂ ಎದ್ದು ಬರಲಿಲ್ಲ. ಬರಬೇಕಾದದ್ದಾದರೂ ಯಾತಕ್ಕೆ? ಬಾಗಿಲಲ್ಲಿ ಇನ್ನೊಂದು ಮದುವೆಯವರು ನಿಂತಿರಲಿಲ್ಲ.

ಬಯಲುಸೀಮೆಯ ಬೀಗರಿಗೂ ಹಲಸಿನ ಹಣ್ಣಿಗೂ ಆದ ಪರಿಚಯವನ್ನು ಹೇಳದೆ ಮುಂದೆ ಹೋಗಲಾರೆ. ಮಧ್ಯಾಹ್ನ ಅಂಗಳದ ಮೂಲೆಯಲ್ಲಿ ಬಕ್ಕೆ ಹಲಸೊಂದನ್ನು ಕೊಯ್ಯುವ ಸಿದ್ಧತೆಯಾಗಿತ್ತು. ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಕೆಂಬುದು ಇಲ್ಲಿಯ ಮಗುವಿಗೂ ಗೊತ್ತು. ಮದುಮಗ ತನ್ನ ಶೌರ್ಯವನ್ನು ತೋರಿಸಲು ಎಣ್ಣೆಯ ಗೊಡವೆಯಿಲ್ಲದೆ ಕೈಹಾಕಿದ. ಮೇಣ ಹತ್ತು ಬೆರಳುಗಳನ್ನೂ ಹಿಡಿಯಿತು. ಪಾಣಿಗ್ರಹಣವನ್ನು ಹಲಸು ಒಂದು ದಿನ ಮುಂಚಿತವಾಗಿಯೇ ಮುಗಿಸಿತು. ಹುಡುಗಿ ಅವನ ಎದುರು ಕುಳಿತು ಎಣ್ಣೆ ಹಚ್ಚಿ ಹಚ್ಚಿ ಒಂದೊಂದೇ ಬೆರಳನ್ನು ಬಿಡಿಸಿದಳು; ಸುತ್ತ ಕುಳಿತವರು ತೊಳೆ ತಿನ್ನುತ್ತ ಸಲಹೆ ಕೊಟ್ಟರು. ಹುಡುಗನ ತಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆ ತಾಯಿ ಈ ಮದುವೆಗೆ ಬರುವುದಿಲ್ಲವೆಂದು ಒಂದು ವರ್ಷ ಹಟ ಹಿಡಿದಿದ್ದರೆಂದು ನನಗೆ ಆಮೇಲೆ ತಿಳಿಯಿತು. ಮಂಟಪದ ವೇದಿಕೆಯ ಮೇಲಾಗಿದ್ದರೆ ಆ ಬಿಗಿದ ಮುಖ ಫೋಟೋದಲ್ಲಿ ಹಾಗೆಯೇ ಉಳಿದುಬಿಡುತ್ತಿತ್ತು. ಮನುಷ್ಯರು ಸಡಿಲವಾಗಬೇಕಾದರೆ ಒಂದು ಮಧ್ಯಾಹ್ನವಾದರೂ ಬೇಕು.

ಅತ್ತ ನಡುಮನೆಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ನೆರೆಯ ದೀವರ ಕೇರಿಯ ಹಿರಿಯ ಹೆಂಗಸೊಬ್ಬರು ಹಸೆಗೋಡೆ ಬರೆಯುತ್ತಿದ್ದರು. ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಅಕ್ಕಿಯ ಹಿಟ್ಟಿನ ಬಿಳುಪಿನಿಂದ ಗೆರೆ. ಕುಂಚವೆಂದರೆ ಪುಂಡಿ ನಾರಿನ ಒಂದು ಎಳೆ. ನಾನು ನೋಡುತ್ತ ಕುಳಿತಷ್ಟು ಹೊತ್ತಿನಲ್ಲಿ ಆ ಕೈ ಒಂದು ಸಲವೂ ಅಳತೆಗೋಲನ್ನು ಕೇಳಲಿಲ್ಲ. ಚೌಕದೊಳಗೆ ಚೌಕ, ಎಳೆಯ ಪಕ್ಕದಲ್ಲಿ ಎಳೆ, ತೋರಣ, ದಂಡಿಗೆ. ಶಿವಮೊಗ್ಗ ಜಿಲ್ಲೆಯ ಈ ಚಿತ್ತಾರವನ್ನು ಈಗ ಚೌಕಟ್ಟು ಹಾಕಿ ಪಟ್ಟಣದ ಗೋಡೆಗಳಲ್ಲಿ ತೂಗುಹಾಕುವುದುಂಟು. ಆದರೆ ಅದು ಹುಟ್ಟಿದ್ದು ಮದುವೆಗೆ, ಮದುಮಕ್ಕಳು ಹಸೆಯ ಮೇಲೆ ಕೂರುವಾಗ ಅವರ ಬೆನ್ನ ಹಿಂದೆ ಇರುವುದಕ್ಕೆ. ‘ಯಾವಾಗ ಮುಗಿಯುತ್ತಮ್ಮ?’ ಎಂದು ಕೇಳಿದೆ. ‘ಮುಗಿದಾಗ’ ಎಂದರು, ಮುಖ ತಿರುಗಿಸದೆ. ಆ ಮನೆಯ ಗಡಿಯಾರ ಅದೇ ಎಂದುಕೊಂಡೆ. ಅವರ ಕೂಲಿಯನ್ನು ಹುಡುಗಿ ಮುಂಚೆಯೇ ಮಾತಾಡಿ, ಕಲೆಗೆ ಕೊಡಬೇಕಾದಷ್ಟು ಕೊಟ್ಟಿದ್ದಳೆಂಬುದನ್ನು ಸೇರಿಸಬೇಕು. ಪ್ರೀತಿಯಿಂದ ಬರೆಸಿಕೊಂಡೆವೆಂದು ಹೇಳಿ ವೀಳ್ಯದಲ್ಲಿ ಮುಗಿಸುವ ಪದ್ಧತಿ ನಮ್ಮಲ್ಲಿ ಬಹಳ.

ಸಂಜೆ ಆರಕ್ಕೆ ಮೋಡ ಕಟ್ಟಿತು. ಕೃತ್ತಿಕೆಯ ಮಳೆ, ಅರ್ಧ ಗಂಟೆ ಗುಡುಗಿ ಹೊಯ್ದು ನಿಂತಿತು. ವಿದ್ಯುತ್ತು ಹೋಯಿತು, ರಾತ್ರಿಯೆಲ್ಲ ಬರಲಿಲ್ಲ. ಸೋಗೆಯ ಚಪ್ಪರ ಒಂದೆರಡು ಕಡೆ ಸೋರಿ ನಾವು ಚಾಪೆಗಳನ್ನು ಎಳೆದಾಡಿದೆವು. ಮಳೆ ನಿಂತ ಮೇಲೆ ತೋಟದ ಇಳಿಜಾರಿನ ತುಂಬ ಮಿಂಚುಹುಳುಗಳು. ಪಟ್ಟಣದಿಂದ ಬಂದ ಮಕ್ಕಳು ಕೂಗಾಡುವುದನ್ನು ಮರೆತು ನಿಂತವು. ಲಾಟೀನಿನ ಬೆಳಕಿನಲ್ಲಿ ಅಜ್ಜಿಯೂ ಅವರ ಓರಗೆಯ ಮೂವರೂ ಹಸೆಹಾಡಿಗೆ ಕುಳಿತರು. ಶೋಭನವೆಂಬ ಮಾತು ಸೋಬಾನೆಯಾಗುವುದನ್ನು ತದ್ಭವದ ಪಾಠದಲ್ಲಿ ನಾನು ಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಅದು ಹೇಗೆ ಹಾಗಾಯಿತೆಂಬುದು ಆ ನಾಲ್ಕು ಗಂಟಲುಗಳಲ್ಲಿ ಕೇಳಿಸಿತು: ಸಂಸ್ಕೃತದ ಗಡಸನ್ನೆಲ್ಲ ಎಳೆದು ಎಳೆದು ಮೆದು ಮಾಡಿದ್ದಾರೆ. ಒಬ್ಬರು ಮರೆತ ಸಾಲನ್ನು ಇನ್ನೊಬ್ಬರು ಎತ್ತಿಕೊಂಡರು. ನಾಲ್ವರೂ ಮರೆತಾಗ ಸುಮ್ಮನೆ ಕುಳಿತು ನೆನಪಾಗುವ ತನಕ ಎಲೆ ಅಡಕೆ ಹಾಕಿಕೊಂಡರು. ಹುಡುಗನ ಕಡೆಯ ಹೆಂಗಸರು ತಮ್ಮ ಸೀಮೆಯ ಹಾಡೆತ್ತಿದರು. ನಾವು ಮಲಗಿದಾಗ ಎಷ್ಟು ಗಂಟೆಯೋ ನೋಡಲಿಲ್ಲ.

ಭಾನುವಾರ ಬೆಳಗ್ಗೆ ಕೊಟ್ಟೆಕಡುಬು, ಕಾಯಿಚಟ್ನಿ. ತಿಂಡಿಯಾಯಿತು, ಕಾಫಿಯಾಯಿತು. ಎಲ್ಲರಿಗೂ ಅನುಕೂಲವಾದಂತೆಯೇ ಇತ್ತು; ಆದರೆ ಯಾರೂ ಏಳಲಿಲ್ಲ. ಮದುಮಗ ಅಡಕೆಮರ ಹತ್ತುವುದನ್ನು ಕಲಿಯುವ ಯತ್ನದಲ್ಲಿದ್ದ. ಅಷ್ಟರಲ್ಲಿ ಅಜ್ಜಿ ಮಲ್ಲಿಗೆಯ ಬುಟ್ಟಿಯನ್ನು ಹಿಡಿದು ಜಗಲಿಗೆ ಬಂದು, ‘ಈಗ ಎಲ್ಲರಿಗೂ ಅನುಕೂಲ ಅಲ್ಲನಾ? ಎದ್ದೇಳಿ’ ಎಂದರು. ಹತ್ತು ಗಂಟೆ ಇಪ್ಪತ್ತು ನಿಮಿಷ. ಎಲ್ಲರೂ ಎದ್ದೆವು. ಆ ಹತ್ತು ಇಪ್ಪತ್ತು ಯಾವ ಪಂಚಾಂಗದಿಂದ ಬಂತೆಂಬುದು ಅಜ್ಜಿಯ ಸೆರಗಿನ ಗಂಟಿನಲ್ಲಿದ್ದ ಚೀಟಿಯನ್ನು ನೋಡಿದ ಮೊಮ್ಮಗಳಿಗೆ ಹಿಂದಿನ ದಿನವೇ ಗೊತ್ತಿತ್ತಂತೆ. ಅವಳು ಅಜ್ಜಿಗೆ ಹೇಳಲಿಲ್ಲ. ತಾನು ಅಷ್ಟು ಹೊತ್ತಿಗೆ ಸೀರೆಯುಟ್ಟು ಸಿದ್ಧವಾಗಿದ್ದಳು, ಅಷ್ಟೆ. ವಿಚಾರವಾದಿಗಳು ಇದನ್ನು ಒಪ್ಪದಿರಬಹುದು. ನನಗೆ ಇಬ್ಬರ ಮೇಲೂ ಗೌರವ ಹೆಚ್ಚಿತು.

ಹಸೆಗೋಡೆಯ ಮುಂದೆ ಇಬ್ಬರೂ ಚಾಪೆಯ ಮೇಲೆ ಕುಳಿತರು. ಎದುರಿಗೆ ನಾವು ಎಪ್ಪತ್ತು ಮಂದಿ, ನಡುಮನೆಯಲ್ಲಿ ಹಿಡಿಯದವರು ಜಗಲಿಯಲ್ಲಿ, ಕಿಟಕಿಯಲ್ಲಿ. ಅಡಿಗೆಯವರೂ ಒಲೆಯನ್ನು ತಗ್ಗಿಸಿ ಬಂದು ನಿಂತರು. ನಾನು ಓದತೊಡಗಿದೆ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಓದುತ್ತಿರುವವನಿಗೆ ಓದುವುದು ಕಷ್ಟವಲ್ಲ. ಗಂಡುಹೆಣ್ಣು ಸಮಾನರೆಂಬುದು, ಜಾತಿಯ ಮೂಢನಂಬಿಕೆಯ ಕಟ್ಟುಗಳಿಂದ ಬಿಡಿಸಿಕೊಳ್ಳಬೇಕೆಂಬುದು, ಇವನ್ನು ನಾನು ಓದಿದೆ, ಅವರು ನಿಧಾನವಾಗಿ ಒಪ್ಪಿ ನುಡಿದರು. ಹಿಂದೆ ಯಾವ ಮದುವೆಯಲ್ಲಿಯೂ ಮಂತ್ರ ಹೇಳುವಾಗ ಅಷ್ಟು ನಿಶ್ಶಬ್ದವನ್ನು ನಾನು ಕಂಡಿರಲಿಲ್ಲ. ತಿಳಿಯುವ ಭಾಷೆಯಲ್ಲಿ ಹೇಳಿದರೆ ಜನ ಕೇಳುತ್ತಾರೆ.

ಕೊನೆಗೆ ಒಂದು ಬಿಡಿಹಾಳೆ. ಇಬ್ಬರೂ ಕೂಡಿ ತಾವೇ ಬರೆದುಕೊಂಡದ್ದು. ನಾನು ಮುಂಚೆ ನೋಡಿರಲಿಲ್ಲ. ಐದಾರು ಸಾಲು. ಮನೆಗೆಲಸವನ್ನು ಹಂಚಿಕೊಳ್ಳುತ್ತೇವೆ, ಎರಡೂ ಕಡೆಯ ತಂದೆತಾಯಿಗಳನ್ನು ನೋಡಿಕೊಳ್ಳುತ್ತೇವೆ, ಮಾತು ಬಿಟ್ಟು ಒಂದು ದಿನಕ್ಕಿಂತ ಹೆಚ್ಚು ಇರುವುದಿಲ್ಲ. ಇದಕ್ಕೆ ಎಲ್ಲರೂ ನಕ್ಕರು. ಅದರ ಕೆಳಗಿನ ಸಾಲು: ‘ನಮ್ಮ ಈ ಮದುವೆಗಾಗಿ ಯಾರೂ ಸಾಲ ಮಾಡಿಲ್ಲ.’

ನಾನು ಓದಬೇಕಾಗಿದ್ದದ್ದು ಆರೇ ಶಬ್ದ. ‘ನಮ್ಮ ಈ ಮದುವೆಗಾಗಿ’ ಎಂಬಲ್ಲಿಗೆ ನಿಂತೆ. ಕನ್ನಡಕ ತೆಗೆದು ಒರೆಸಿದೆ. ಮಸುಕಾಗಿತ್ತೆಂದು ಎಲ್ಲರೂ ತಿಳಿದಿರಬೇಕು. ಮೂರನೆಯ ಸಾಲಿನಲ್ಲಿ ಹೆಂಡತಿ ಕುಳಿತಿದ್ದಳು. ಅವಳ ಕಡೆ ನೋಡಬಾರದೆಂದುಕೊಂಡು ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಹುಡುಗಿಯ ತಂದೆಯನ್ನು ನೋಡುತ್ತಿದ್ದಳು. ಆತ ಬಾಗಿಲ ಚೌಕಟ್ಟಿಗೆ ಒರಗಿ, ತಲೆಯ ಹಾಳೆಟೊಪ್ಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ನೀರು ಹೊತ್ತು ಅಂಗಿ ಒದ್ದೆಯಾಗಿತ್ತು. ಮಗಳ ಮದುವೆಯ ದಿನ ಒಬ್ಬ ತಂದೆಯ ಮುಖ ಹಾಗೆ ಇರಬಹುದೆಂದು ನನಗೆ ಗೊತ್ತಿರಲಿಲ್ಲ. ಉಳಿದ ಮೂರು ಶಬ್ದಗಳನ್ನು ಓದಿದೆ.

ಮಾಲೆ ಬದಲಾಯಿತು. ಅಜ್ಜಿ ಅಕ್ಷತೆ ಹಾಕಿದರು, ಅವರನ್ನು ನೋಡಿ ಉಳಿದವರೂ. ಊಟಕ್ಕೆ ಹಾಳೆಯ ತಟ್ಟೆಗಳು. ಕಾಯಿಹೋಳಿಗೆ, ಮಾವಿನ ಹಣ್ಣಿನ ಗೊಜ್ಜು, ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತಂಬುಳಿ, ಹುಡುಗನ ಮನೆಯವರು ಕಟ್ಟಿಕೊಂಡು ಬಂದಿದ್ದ ಜೋಳದ ರೊಟ್ಟಿ, ಮುರುಗಲಿನ ಪಾನಕ. ಮೊದಲ ಪಂಕ್ತಿಯಲ್ಲಿಯೇ ಮದುಮಗಳು ಕುಳಿತು ಉಂಡಳು. ಹೋಳಿಗೆ ಎರಡು ಸಲ ಕೇಳಿ ಹಾಕಿಸಿಕೊಂಡಳು. ಬಡಿಸುವ ಸರದಿ ನನ್ನದಿತ್ತು; ಆದ್ದರಿಂದ ಇದು ಕೇಳಿದ ಮಾತಲ್ಲ, ಕಂಡ ಸಂಗತಿ. ಅವಳ ತಾಯಿ ಪಕ್ಕದ ಎಡೆಯಲ್ಲಿದ್ದರು. ನಮ್ಮ ಅಕ್ಕನಿಗೆ ಈ ವಿಷಯವನ್ನು ಬರೆದು ತಿಳಿಸಬೇಕೆಂದುಕೊಂಡೆ.

ಹಳ್ಳಿಯ ಮದುವೆಯೆಂಬುದು ಈಚೆಗೆ ಪಟ್ಟಣದವರ ಶೋಕಿಯೂ ಆಗಿದೆ. ಕಾಫಿತೋಟದ ನಡುವಿನ ವಸತಿಗೃಹಗಳನ್ನು ಎರಡು ದಿನಗಳ ಮಟ್ಟಿಗೆ ಹಿಡಿದು, ಹುಲ್ಲಿನ ಚಪ್ಪರವನ್ನೂ ಎತ್ತಿನ ಗಾಡಿಯನ್ನೂ ಬಾಡಿಗೆಗೆ ತರಿಸಿ ಮಾಡುವ ಮದುವೆಗಳಿಗೂ ನಾನು ಹೋಗಿದ್ದೇನೆ. ಚೆನ್ನಾಗಿಯೇ ಇರುತ್ತವೆ. ಅಲ್ಲಿಯೂ ಅವಸರವಿರುವುದಿಲ್ಲ, ಅತಿಥಿಗಳಿಗೆ. ಟ್ರೇ ಹಿಡಿದು ಓಡುವ ಹುಡುಗರನ್ನು ಕೇಳಿದರೆ ಬೇರೆ ಉತ್ತರ ಬರಬಹುದು.

ಸಂಜೆ ಕಾಫಿಯಾದ ಮೇಲೆ ಹೊರಟೆವು. ಹುಡುಗಿಯ ತಂದೆ ದಾರಿಯವರೆಗೂ ಬಂದರು. ‘ಬಾವಿ?’ ಎಂದೆ. ‘ಇನ್ನೂ ನಾಲ್ಕು ಕೊಡ ಇದೆ ಮೇಷ್ಟ್ರೇ’ ಎಂದು ಗೆದ್ದವರಂತೆ ನಕ್ಕರು. ಮದುಮಕ್ಕಳು ಅಂಗಳದಲ್ಲಿ ಚಾಪೆ ಸುತ್ತುತ್ತಿದ್ದುದು ತಿರುವಿನವರೆಗೂ ಕಾಣುತ್ತಿತ್ತು.

ಬಸ್ಸಿನಲ್ಲಿ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ತೀರ್ಥಹಳ್ಳಿಯ ಸೇತುವೆಯನ್ನು ದಾಟಿದ ಮೇಲೆ, ‘ಅಪ್ಪನಿಗೆ ಒಂದು ಫೋನ್ ಮಾಡ್ರಿ’ ಎಂದಳು. ನಾನು ಸಾಮಾನ್ಯವಾಗಿ ಮಾಡುವವನಲ್ಲ. ಅವಳು ಮಾಡಿ ನನ್ನ ಕೈಗೆ ಕೊಡುವುದು ವಾಡಿಕೆ. ಮಾಡಿದೆ. ಮಾವನವರಿಗೆ ಈಗ ಎಪ್ಪತ್ತೆಂಟು. ಕಿವಿ ಸ್ವಲ್ಪ ದೂರ. ಮದುವೆ ಹೇಗಾಯಿತೆಂದು ಕೇಳಿದರು. ಚೆನ್ನಾಗಾಯಿತೆಂದೆ. ಎಷ್ಟು ಜನ ಎಂದರು. ಎಪ್ಪತ್ತು ಎಂದೆ. ಏಳುನೂರಾ ಎಂದರು. ಅಲ್ಲ, ಎಪ್ಪತ್ತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಹದಿನೈದು ವರ್ಷಗಳಿಗೂ ಮಿಕ್ಕಿ ಹೇಳದೆ ಇಟ್ಟುಕೊಂಡ ಮಾತೊಂದು ಗಂಟಲಿಗೆ ಬಂದಿತ್ತು. ಬಸ್ಸಿನ ಸದ್ದಿನಲ್ಲಿ ಅದನ್ನು ಕೂಗಿ ಹೇಳಬೇಕಾಗುತ್ತಿತ್ತು.

‘ಮಳೆ ಬಂತಾ ಆ ಕಡೆ?’ ಎಂದರು.

‘ಬಂತು. ನಿನ್ನೆ ಸಂಜೆ, ಅರ್ಧ ಗಂಟೆ’ ಎಂದೆ. ‘ಮುಂದಿನ ಭಾನುವಾರ ನಾವು ಅಲ್ಲಿಗೆ ಬರುತ್ತೇವೆ, ಮಾವ. ಒಂದು ಮಾತಿದೆ.’

‘ಬನ್ನಿ, ಬನ್ನಿ. ಬಕ್ಕೆ ಮರದಲ್ಲಿ ಒಂದು ಹಣ್ಣು ಬಲಿತಿದೆ. ಇಳಿಸದೆ ಇಟ್ಟಿರುತ್ತೇನೆ’ ಎಂದರು.